ತನ್ನವರಿಗೇ ಕಟು ಮಾತು ಹೇಳಬಲ್ಲ ನಾಯಕರು ನಮ್ಮ ಜಿಲ್ಲೆಯಲ್ಲಿ ಎಲ್ಲಿದ್ದಾರೆ?

ನಿವೃತ್ತ ಮಾಸ್ತರ, ಕುಮಟಾ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕುರಿತು ಹೊರಗಿನವರು ಎರಡು ಬಗೆಯ ಮಾತು ಆಡುತ್ತಾರೆ. ಕರಾವಳಿಯೆಂದರೆ ಕೋಮುಗಲಭೆಯ ನೆಲ ಎಂಬುದು ಒಂದು. ಇಲ್ಲಿ ಎಲ್ಲ ಮತದವರೂ ಅಣ್ಣತಮ್ಮಂದಿರಾಗಿ ಬಾಳಿದ್ದರು, ರಾಜಕಾರಣಿಗಳು ಬಂದು ಕೆಡಿಸಿದರು ಎಂಬುದು ಇನ್ನೊಂದು. ಎರಡೂ ಅವಸರದ ತೀರ್ಮಾನಗಳು. ನಾವು ಲೋಕಸಭೆಗೆ ಆರಿಸಿ ಕಳಿಸಿದವರ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಎರಡೂ ನಿಲ್ಲುವುದಿಲ್ಲ.

1952, 1957 ಮತ್ತು 1962ರ ಮೂರೂ ಚುನಾವಣೆಗಳಲ್ಲಿ ಇಲ್ಲಿಂದ ಗೆದ್ದವರು ಪತ್ರಕರ್ತರಾಗಿದ್ದ ಜೋಕಿಂ ಆಳ್ವ. ಕೇವಲ ಕ್ರೈಸ್ತರ ಮತವನ್ನು ನಂಬಿದ್ದರೆ ಠೇವಣಿಯೂ ಉಳಿಯದ ಕ್ಷೇತ್ರ ಇದು. 1967ರಲ್ಲಿ ಗೆದ್ದವರು ದಿನಕರ ದೇಸಾಯಿಯವರು, ಅದೂ ಪಕ್ಷೇತರರಾಗಿ. ಗೇಣಿದಾರ ರೈತರನ್ನು ಸಂಘಟಿಸಿದ್ದಕ್ಕಾಗಿ ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದಲೇ ಗಡೀಪಾರಾಗಿದ್ದವರು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ನಮ್ಮ ಕಡೆಯ ಬಡವರ ಮಕ್ಕಳಿಗೆ ಹೈಸ್ಕೂಲಿನ ಬಾಗಿಲು ತೆರೆದವರು ಅವರು. 1996 ಮತ್ತು 1998ರಲ್ಲಿ ಹಿಂದುತ್ವವನ್ನೇ ಮುಂದಿಟ್ಟ ಅನಂತಕುಮಾರ ಹೆಗಡೆಯವರು ಗೆದ್ದರು. 1999ರಲ್ಲಿ ಅದೇ ಮತದಾರರು ಜೋಕಿಂ ಆಳ್ವರ ಸೊಸೆ ಮಾರ್ಗರೆಟ್ ಆಳ್ವರನ್ನು ಗೆಲ್ಲಿಸಿದರು. 2004ರಲ್ಲಿ ಮತ್ತೆ ಹೆಗಡೆಯವರು. ಅಲ್ಲಿಂದ 2019ರವರೆಗೆ ನಡೆದ ಎಲ್ಲ ಚುನಾವಣೆಗಳಲ್ಲೂ ಅವರೇ, ಕೊನೆಯ ಬಾರಿ ನಾಲ್ಕೂಮುಕ್ಕಾಲು ಲಕ್ಷಕ್ಕೂ ಮೀರಿದ ಅಂತರದಿಂದ.

ಸುಮಾರು ಒಂದೂವರೆ ವರ್ಷದಲ್ಲಿ ಒಂದು ಜಿಲ್ಲೆಯ ಜನ ಅಸಹಿಷ್ಣುಗಳಿಂದ ಸಹಿಷ್ಣುಗಳಾಗಿ, ಐದು ವರ್ಷಕ್ಕೆ ಮತ್ತೆ ಅಸಹಿಷ್ಣುಗಳಾಗಿ ಬದಲಾಗುತ್ತಾರೆಂದು ನಾನು ನಂಬಲಾರೆ. ಮತದಾರ ಒಬ್ಬನೇ, ಅವನ ಕಣ್ಣ ಮುಂದೆ ನಿಲ್ಲುವ ನಾಯಕನ ಚಿತ್ರ ಬೇರೆಬೇರೆ. ಒಬ್ಬರದು ಶಾಲೆ ಕಟ್ಟಿದ ಚಿತ್ರ, ಇನ್ನೊಬ್ಬರದು ದಿಲ್ಲಿಯಲ್ಲಿ ಪ್ರಭಾವವಿದ್ದವರ ಚಿತ್ರ, ಮತ್ತೊಬ್ಬರದು ನಮ್ಮ ಪರವಾಗಿ ಎದೆಯೊಡ್ಡಿ ಮಾತನಾಡುವವರ ಚಿತ್ರ. ಆದ್ದರಿಂದ ಯಾವ ನಾಯಕರು ಸಹಿಷ್ಣುಗಳು ಎಂದು ಪಟ್ಟಿ ಮಾಡುವುದರಲ್ಲಿ ನನಗೆ ಆಸಕ್ತಿಯಿಲ್ಲ. ಎದುರಿನ ಮತದವರನ್ನು ಬೈಯುವುದು ಸುಲಭ, ಎದುರಿನ ಮತದವರ ಹಬ್ಬಕ್ಕೆ ಹೋಗಿ ಶಾಲು ಹೊದೆಸಿಕೊಂಡು ಫೋಟೋ ತೆಗೆಸಿಕೊಳ್ಳುವುದು ಅದಕ್ಕಿಂತಲೂ ಸುಲಭ. ತನಗೆ ಮತ ಹಾಕಿದ ತನ್ನವರ ಮುಂದೆಯೇ ನಿಂತು, ನೀವು ಮಾಡುತ್ತಿರುವುದು ತಪ್ಪು ಎಂದು ಹೇಳಿದವರು ಯಾರು? ನಾಯಕತ್ವವನ್ನು ಅಳೆಯಲು ನನಗೆ ಇದೊಂದೇ ಅಳತೆ ಸರಿಯೆನಿಸುತ್ತದೆ. ನಿಮ್ಮ ನಿಮ್ಮ ಊರಿನ ಅನುಭವದಿಂದ ಬರೆಯಿರಿ.

ತೋಟಿಗ, ಶಿರಸಿ ಸೀಮೆ

ಮಾಸ್ತರರೇ, ನಿಮ್ಮ ಪಟ್ಟಿಯಲ್ಲಿ ರಾಮಕೃಷ್ಣ ಹೆಗಡೆಯವರ ಹೆಸರು ಬರದೆ ಈ ಚರ್ಚೆ ಪೂರ್ತಿಯಾಗುವುದಿಲ್ಲ. ಸಿದ್ದಾಪುರದ ದೊಡ್ಮನೆಯವರು. 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರದ ಮುಖ್ಯಮಂತ್ರಿಯಾದಾಗ ನಮ್ಮ ಹಳ್ಳಿಗಳಲ್ಲಿ ಮನೆಯ ಮಗನೇ ಗಾದಿ ಏರಿದಷ್ಟು ಸಂಭ್ರಮ. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 28ರಲ್ಲಿ ನಾಲ್ಕೇ ಸ್ಥಾನ ಬಂದಾಗ, ಜನಾದೇಶ ಹೋಯಿತೆಂದು ರಾಜೀನಾಮೆಯಿತ್ತು, 1985ರಲ್ಲಿ ಮತ್ತೆ ಜನರ ಮುಂದೆ ಹೋಗಿ 139 ಸ್ಥಾನ ಗೆದ್ದರು. ಮೌಲ್ಯಾಧಾರಿತ ರಾಜಕಾರಣ ಎಂಬ ಮಾತು ಅವರ ಹೆಸರಿನೊಡನೆಯೇ ಅಂಟಿಕೊಂಡಿತು.

ಆ ಚಿತ್ರ ಮುಂದೆ ಏನಾಯಿತೆಂಬುದೂ ನಮಗೆ ಗೊತ್ತಿದೆ. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟಿನ ಟೀಕೆ, ರಾಜೀನಾಮೆ, ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದದ್ದು. 1988ರಲ್ಲಿ ಟೆಲಿಫೋನ್ ಕದ್ದಾಲಿಕೆಯ ಆರೋಪ, ಈ ಬಾರಿ ಹಿಂದಕ್ಕೆ ಪಡೆಯಲಾಗದ ರಾಜೀನಾಮೆ. ಅವರ ಮೇಲಿನ ನನ್ನ ಗೌರವ ಇದರಿಂದ ಅಳಿದಿಲ್ಲ. ಆದರೆ ಎಷ್ಟೇ ಎತ್ತರದ ಮನುಷ್ಯನಾದರೂ ತನ್ನ ಚಿತ್ರವನ್ನು ತಾನೇ ಹೊತ್ತು ನಡೆಯತೊಡಗಿದರೆ ಅದರ ಭಾರಕ್ಕೇ ಬಗ್ಗಬೇಕಾಗುತ್ತದೆ ಎಂದು ಅನಿಸಿದ್ದುಂಟು.

ಅವರ ಸಂಪುಟದಲ್ಲಿದ್ದ ಇನ್ನೊಬ್ಬರನ್ನು ನೆನೆಯಬೇಕು. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬರು. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದ ಅವರನ್ನು ಜನ ನೀರ್‌ಸಾಬ್ ಎಂದೇ ಕರೆದರು. ಪಕ್ಷದವರು ಬ್ಯಾನರಿನ ಮೇಲೆ ಅಚ್ಚು ಹಾಕಿಸಿದ ಬಿರುದಲ್ಲ ಅದು. ಕೊಡ ಹೊತ್ತ ಹೆಂಗಸರ ಬಾಯಲ್ಲಿ ಹುಟ್ಟಿದ ಹೆಸರು. ನಮ್ಮಲ್ಲಿ ಮಡಿ ಮೈಲಿಗೆಯಲ್ಲಿ ಕಟ್ಟುನಿಟ್ಟಾದ ಮನೆಗಳಲ್ಲೂ ಆ ಹೆಸರನ್ನು ಗೌರವದಿಂದ ಹೇಳುತ್ತಿದ್ದುದನ್ನು ಕೇಳಿದ್ದೇನೆ.

ಬಟ್ಟೆ ಅಂಗಡಿಯವ, ಭಟ್ಕಳ

ಭಟ್ಕಳದ ಹೆಸರು ಹೊರಗಿನ ಪತ್ರಿಕೆಗಳಲ್ಲಿ ಯಾವ ಕಾರಣಕ್ಕೆ ಬರುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಲಾಡ್ಜಿನ ರಿಜಿಸ್ಟರಿನಲ್ಲಿ ಊರಿನ ಹೆಸರು ಬರೆಯುವಾಗ ನಮ್ಮ ಹುಡುಗರ ಕೈ ಒಂದು ಕ್ಷಣ ತಡೆಯುತ್ತದೆ. ಆ ನೋವಿನಿಂದಲೇ ಬರೆಯುತ್ತಿದ್ದೇನೆ.

ಚನ್ನಪಟ್ಟಣ ಹನುಮಂತ ದೇವರ ರಥೋತ್ಸವ ನಮ್ಮಲ್ಲಿ ರಾಮನವಮಿಯಂದು. ರಥ ಎಳೆಯುವ ಮೊದಲು ದೇವಸ್ಥಾನದವರು ವಾದ್ಯದೊಡನೆ ಒಂದು ಹಳೆಯ ನವಾಯತ ಮುಸ್ಲಿಂ ಮನೆತನದ ಬಾಗಿಲಿಗೆ ಹೋಗಿ ಉತ್ಸವಕ್ಕೆ ಆಮಂತ್ರಣ ಕೊಟ್ಟು ಬರುವ ಪದ್ಧತಿಯಿದೆ. ಮನೆಯ ಹಿರಿಯರು ಹೊಸ್ತಿಲಿಗೆ ಬಂದು ಎದುರುಗೊಳ್ಳುತ್ತಾರೆ. ಎರಡು ಮಾತು, ಫಲತಾಂಬೂಲ, ಅಷ್ಟೇ. ಹತ್ತು ನಿಮಿಷವೂ ಹಿಡಿಯದ ಕೆಲಸ ಅದು, ಆದರೂ ಬಿಟ್ಟಿಲ್ಲ. 1993ರಲ್ಲಿ ನಮ್ಮೂರಿನ ಗಲಭೆ ಶುರುವಾದದ್ದೂ ರಾಮನವಮಿಯ ಹೊತ್ತಿನಲ್ಲೇ, ತಿಂಗಳುಗಟ್ಟಲೆ ಅದು ಆರಲಿಲ್ಲ. ಸರಕಾರ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿಯವರ ಆಯೋಗ ನೇಮಿಸಿತು. ಅದರ ವರದಿಯನ್ನು ಓದಿದವರಿಗಿಂತ ಅದರ ಹೆಸರು ಹೇಳಿ ಭಾಷಣ ಮಾಡಿದವರೇ ಹೆಚ್ಚು.

ಒಂದೇ ಊರು, ಒಂದೇ ತಿಥಿ, ಆಮಂತ್ರಣವೂ ಉಂಟು, ಕಲ್ಲೂ ಉಂಟು. ಹಾಗಾಗಿ ಸೌಹಾರ್ದ ಇದ್ದೇ ಇತ್ತು ಎಂದು ಹೇಳುವವರ ಜೊತೆ ನಾನು ಪೂರ್ತಿ ಒಪ್ಪಲಾರೆ. ಸೌಹಾರ್ದವನ್ನು ಪ್ರತಿ ವರ್ಷ ಯಾರೋ ಕಾಲ್ನಡಿಗೆಯಲ್ಲಿ ಹೋಗಿ ಮಾಡಿ ಮುಗಿಸಬೇಕು. ಆ ಕೆಲಸ ಮಾಡುವವರಿಗೆ ಓಟು ಸಿಗುವುದಿಲ್ಲ, ಅವರ ಹೆಸರೂ ಯಾರಿಗೂ ಗೊತ್ತಿರುವುದಿಲ್ಲ.

ಮಾಸ್ತರರು ಕೇಳಿದ ಪ್ರಶ್ನೆಗೆ ನನ್ನ ಸಮಾಜದ ಪರವಾಗಿಯೂ ಉತ್ತರಿಸಬೇಕು. 1996ರ ಏಪ್ರಿಲ್ 10ರಂದು ನಮ್ಮ ಶಾಸಕರಾಗಿದ್ದ ಡಾ. ಚಿತ್ತರಂಜನ್ ಅವರನ್ನು ಗುಂಡಿಕ್ಕಿ ಕೊಂದರು. ಅವರ ರಾಜಕೀಯ ನಮಗೆ ಒಪ್ಪಿಗೆಯಾಗಿರಲಿಲ್ಲ. ಆದರೆ ಅವರು ವೈದ್ಯರು. ಅಂದು ನಮ್ಮ ಮುಖಂಡರಲ್ಲಿ ಎಷ್ಟು ಮಂದಿ ಬೀದಿಗೆ ಬಂದು, ಇದು ನಮ್ಮ ಊರಿಗೆ ಬಗೆದ ದ್ರೋಹ ಎಂದು ಗಟ್ಟಿಯಾಗಿ ಹೇಳಿದರು? ಖಂಡನಾ ಹೇಳಿಕೆ ಬರುತ್ತದೆ, ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಶುಕ್ರವಾರದ ನಮಾಜು ಮುಗಿಸಿ ಹೊರಬರುವ ಹುಡುಗರೆದುರು ನಿಂತು ಹೇಳುವುದು ಬೇರೆಯೇ ಮಾತು. ಅಂಥ ಮಾತು ಆಡಿದ ಒಬ್ಬಿಬ್ಬರು ಹಿರಿಯರು ಇದ್ದರು, ಅವರಿಗೆ ಯಾವ ಪಕ್ಷವೂ ಟಿಕೆಟ್ ಕೊಡಲಿಲ್ಲ.

ಎಂ.ಎ. ವಿದ್ಯಾರ್ಥಿ, ಅಂಕೋಲಾ

ಹಿರಿಯರೆಲ್ಲರ ಮೇಲೆ ಗೌರವವಿಟ್ಟೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಸಹಿಷ್ಣುತೆಯ ಪಾಠ ಸಾಮಾನ್ಯವಾಗಿ ಹಿಂದೂಗಳಿಗೆ ಮಾತ್ರ ಹೇಳಲಾಗುತ್ತದೆ ಎಂಬ ಭಾವನೆ ನನ್ನ ವಯಸ್ಸಿನವರಲ್ಲಿ ಆಳವಾಗಿದೆ. ಭಟ್ಕಳದ ಅಂಗಡಿಯವರು ತಮ್ಮವರ ಕುರಿತೂ ಬರೆದದ್ದನ್ನು ಓದಿ ನಿಜಕ್ಕೂ ಸಮಾಧಾನವಾಯಿತು, ಏಕೆಂದರೆ ಇಂಥ ಮಾತನ್ನು ನಾನು ಬಹಿರಂಗವಾಗಿ ಕೇಳಿದ್ದು ಬಹಳ ಕಡಿಮೆ.

ಇನ್ನು ಚಿತ್ರದ ಮಾತು. ಹಳೆಯ ನಾಯಕರ ಸಹಿಷ್ಣುತೆಯಲ್ಲೂ ಲೆಕ್ಕಾಚಾರ ಇರಲಿಲ್ಲವೇ? ಯಾವ ಪಕ್ಷ ಯಾವ ಕ್ಷೇತ್ರಕ್ಕೆ ಯಾರನ್ನು ನಿಲ್ಲಿಸಿದರೂ ಹವ್ಯಕರೆಷ್ಟು, ನಾಮಧಾರಿಗಳೆಷ್ಟು, ಹಾಲಕ್ಕಿಗಳೆಷ್ಟು, ಮೀನುಗಾರರೆಷ್ಟು, ಮುಸ್ಲಿಮರೆಷ್ಟು ಎಂದು ಎಣಿಸಿಯೇ ನಿಲ್ಲಿಸಿದೆ. ಅಂಥ ಎಣಿಕೆಗೆ ಮರ್ಯಾದಸ್ಥ ಹೆಸರು ಕೊಟ್ಟು ಜಾತ್ಯತೀತತೆ ಎಂದು ಕರೆದರು. ಅದಕ್ಕಿಂತ, ನಾನು ಹಿಂದೂ, ಹಿಂದೂಗಳ ಪರವಾಗಿ ಮಾತನಾಡುತ್ತೇನೆ ಎಂದು ನೇರವಾಗಿ ಹೇಳುವವನು ಕಪಟಿಯಲ್ಲ ಎಂದು ನಮಗೆ ಅನಿಸುತ್ತದೆ. ಮತದಾರರು ದಡ್ಡರಲ್ಲ. ಆ ನೇರತನಕ್ಕೆ ಓಟು ಹಾಕಿದ್ದಾರೆ.

ವಕೀಲ, ಕಾರವಾರ

ಅಂಕೋಲಾದ ತಮ್ಮ ಎತ್ತಿದ ಪ್ರಶ್ನೆ ಗಂಭೀರವಾದದ್ದು, ಅದನ್ನು ತಳ್ಳಿಹಾಕಬಾರದು. ಕಾನೂನಿನ ದಿಕ್ಕಿನಿಂದ ಕೆಲವು ಮಾತು ಸೇರಿಸುತ್ತೇನೆ.

ಒಬ್ಬ ಅಭ್ಯರ್ಥಿ ಹಣೆಗೆ ತಿಲಕವಿಟ್ಟು, ಟೊಪ್ಪಿಗೆ ಹಾಕಿ, ಶಿಲುಬೆ ಧರಿಸಿ ಪ್ರಚಾರಕ್ಕೆ ಬಂದರೆ ಯಾವ ಕಾನೂನೂ ತಡೆಯುವುದಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೆಯ ಕಲಂ ತಡೆಯುವುದು ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮದ ಹೆಸರಿನಲ್ಲಿ ಕೇಳುವುದೂ ಭ್ರಷ್ಟ ಆಚರಣೆಯೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ತೀರ್ಪು ಕೊಟ್ಟಿತು. ಅದೂ ನಾಲ್ಕು ಮೂರರ ಬಹುಮತದಿಂದ. ಮೂವರು ಭಿನ್ನವಾಗಿ ಬರೆದರು. ಧರ್ಮ, ಜಾತಿಯ ಕಾರಣಕ್ಕೆ ಅನ್ಯಾಯಕ್ಕೊಳಗಾದವರ ಅಳಲನ್ನು ರಾಜಕೀಯದಲ್ಲಿ ಮಾತನಾಡದಂತೆ ಮಾಡಲಾಗದು ಎಂಬುದು ಭಿನ್ನಮತದ ಸಾರ. ನಿಮ್ಮ ಪ್ರಶ್ನೆ ಅಷ್ಟು ದೊಡ್ಡ ಪೀಠವನ್ನೂ ಇಬ್ಭಾಗ ಮಾಡಿದ ಪ್ರಶ್ನೆಯೇ ಎಂದು ಹೇಳಲು ಇದನ್ನು ಬರೆದೆ.

ಆದರೆ ಕಾನೂನಿನ ಕೈ ಎಷ್ಟು ಗಿಡ್ಡದು ನೋಡಿ. ಆ ಕಲಂ ಅಭ್ಯರ್ಥಿಗೆ, ಅವರ ಏಜೆಂಟರಿಗೆ, ಅವರ ಒಪ್ಪಿಗೆಯಿಂದ ಮಾತನಾಡಿದವರಿಗೆ ಮಾತ್ರ ತಗಲುತ್ತದೆ. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು, ಸಾಕ್ಷ್ಯ ಒದಗಿಸಬೇಕು. ಚುನಾವಣೆಯಿಲ್ಲದ ನಾಲ್ಕೂವರೆ ವರ್ಷ ಆಡಿದ ಮಾತಿಗೆ ಅದು ಉತ್ತರವೇ ಅಲ್ಲ. ಆಗ ಉಳಿಯುವುದು ದ್ವೇಷ ಹರಡಿದ ಅಪರಾಧದ ಕಲಂ. ಅದರಡಿ ವಿಚಾರಣೆ ನಡೆಯಲು ಸರಕಾರದ ಪೂರ್ವಾನುಮತಿ ಬೇಕು. ಸರಕಾರ ಬದಲಾದಾಗ ತಮಗೆ ಬೇಕಾದವರ ಮೇಲಿನ ಮೊಕದ್ದಮೆ ಹಿಂದಕ್ಕೆ ಪಡೆಯುವ ಕೆಲಸವನ್ನು ನಮ್ಮ ರಾಜ್ಯದಲ್ಲಿ ಎಲ್ಲ ಬಣ್ಣದ ಸರಕಾರಗಳೂ ಮಾಡಿವೆ. ಹಾಗಾಗಿ ಕೋರ್ಟು ಸರಿಪಡಿಸೀತು ಎಂದು ಕಾಯುವವರಿಗೆ ನಾನು ನಿರಾಸೆಯನ್ನೇ ಹೇಳಬೇಕು.

ನೇರತನದ ಬಗ್ಗೆ ಒಂದು ಮಾತು. 2017ರ ಡಿಸೆಂಬರಿನಲ್ಲಿ ಆಗ ನಮ್ಮ ಸಂಸದರೂ ಕೇಂದ್ರ ಸಚಿವರೂ ಆಗಿದ್ದ ಅನಂತಕುಮಾರ ಹೆಗಡೆಯವರು ಕೊಪ್ಪಳ ಜಿಲ್ಲೆಯ ಕುಕನೂರಿನಲ್ಲಿ ಸಂವಿಧಾನ ಬದಲಾಯಿಸುವ ಮಾತಾಡಿದರು. ಅದೇ ತಿಂಗಳೊಳಗೆ ಲೋಕಸಭೆಯಲ್ಲಿ ಕ್ಷಮೆ ಕೇಳಿದರು. ವೇದಿಕೆಯ ಮೇಲಿನ ಮಾತು ಅವರ ನಿಜವಾದ ನಿಲುವಾಗಿದ್ದರೆ ಸದನದಲ್ಲೂ ಅದನ್ನೇ ಸಮರ್ಥಿಸಬೇಕಿತ್ತು. ನಿಲುವಾಗಿರದಿದ್ದರೆ ವೇದಿಕೆಯ ಮೇಲೆ ಆಡಬಾರದಿತ್ತು. ಎರಡರಲ್ಲಿ ಯಾವುದನ್ನು ನೇರತನ ಎಂದು ಕರೆಯಬೇಕು ಎಂದು ನನಗೆ ತಿಳಿಯದು.

ಮಾಜಿ ಪಂಚಾಯತ ಸದಸ್ಯೆ, ಸಿದ್ದಾಪುರ

ಗಂಡಸರೆಲ್ಲ ಲೋಕಸಭೆ, ಸುಪ್ರೀಂ ಕೋರ್ಟು ಎಂದು ಬರೆಯುತ್ತಿದ್ದೀರಿ. ನಾನು ಕೆಳಗಿನ ಮೆಟ್ಟಿಲಿನಿಂದ ಹೇಳುತ್ತೇನೆ.

ತೋಟಿಗರು ನೀರ್‌ಸಾಬರ ಬೋರ್‌ವೆಲ್ ನೆನೆದರು. ಅದಕ್ಕಿಂತ ದೊಡ್ಡ ಋಣ ಇನ್ನೊಂದಿದೆ. ಆ ಸರಕಾರ 1983ರಲ್ಲಿ ರೂಪಿಸಿದ ಪಂಚಾಯತ ಮಸೂದೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿದ್ದರು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ದೇಶಕ್ಕೆಲ್ಲ ಅನ್ವಯಿಸುವ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಒಬ್ಬ ಮುಸ್ಲಿಂ ಸಚಿವರು ಮುಂದೆ ನಿಂತು ತಂದ ಕಾನೂನಿನಿಂದ ನಮ್ಮಂಥ ಹವ್ಯಕ, ದೀವರ, ಒಕ್ಕಲಿಗ, ದಲಿತ ಮನೆಗಳ ಹೆಂಗಸರು ಚಾವಡಿಯ ಕುರ್ಚಿಯಲ್ಲಿ ಕುಳಿತರು. ಇದನ್ನು ನಮ್ಮ ತಾಲೂಕಿನ ಯಾವ ಭಾಷಣದಲ್ಲೂ ನಾನು ಕೇಳಲಿಲ್ಲ. 1988ರಲ್ಲಿ ಅವರು ತೀರಿಕೊಂಡರು. ಮೈಸೂರಿನಲ್ಲಿ ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯಿದೆ. ಆಯ್ಕೆಯಾದ ಸದಸ್ಯರಿಗೆ ತರಬೇತಿ ಕೊಡುವುದೂ ಆ ಸಂಸ್ಥೆಯದೇ ಕೆಲಸ.

ಪಂಚಾಯತಿಯಲ್ಲಿ ಮತಭೇದ ಹೇಗೆ ಕಾಣಿಸಿಕೊಳ್ಳುತ್ತದೆ ಎಂದರೆ ಬಹಳ ಸಣ್ಣದಾಗಿ. ಆಶ್ರಯ ಮನೆಯ ಪಟ್ಟಿ ಓದುವಾಗ ಒಂದು ಹೆಸರು ಬಂದ ಕೂಡಲೇ ಸಭೆಯಲ್ಲಿ ಸಣ್ಣ ಕೆಮ್ಮು ಕೇಳುತ್ತದೆ. ಆ ಕೇರಿಗೆ ಪೈಪು ಆಮೇಲೆ ನೋಡೋಣ ಎಂದು ಯಾರೋ ಅನ್ನುತ್ತಾರೆ, ಕಾರಣ ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಆಗ ಅಧ್ಯಕ್ಷರಾದವರು, ಕ್ರಮಸಂಖ್ಯೆ ಪ್ರಕಾರ ಓದಿ, ಪೈಪೂ ಅದೇ ಕ್ರಮದಲ್ಲಿ ಹಾಕಿ ಎಂದು ಅಂದರೆ ಮುಗಿಯಿತು. ಅನ್ನದಿದ್ದರೂ ಮುಗಿಯಿತು, ಆದರೆ ಬೇರೆ ರೀತಿಯಲ್ಲಿ. ನಮ್ಮ ಅವಧಿಯಲ್ಲಿ ಒಬ್ಬ ಅಧ್ಯಕ್ಷರು ಹಾಗೆ ಅಂದದ್ದನ್ನೂ, ಅದಕ್ಕಾಗಿ ತಮ್ಮ ಕೇರಿಯವರಿಂದಲೇ ಬೈಸಿಕೊಂಡದ್ದನ್ನೂ ಕಂಡಿದ್ದೇನೆ. ಮಾಸ್ತರರ ಅಳತೆಗೆ ಅವರು ಸರಿಹೊಂದುತ್ತಾರೆ. ಮುಂದಿನ ಚುನಾವಣೆಯಲ್ಲಿ ಅವರು ಸೋತರು, ಅದನ್ನೂ ಹೇಳಬೇಕು.

ಬೋಟ್ ಇಂಜಿನ್ ರಿಪೇರಿಯವ, ಹೊನ್ನಾವರ

ಶರಾವತಿಯ ಅಳಿವೆಯಲ್ಲಿ ಮೂರೂ ಮತದವರ ಬೋಟುಗಳಿವೆ. ಇಂಜಿನ್ ನಿಂತಾಗ ಯಾರೂ ಮೆಕ್ಯಾನಿಕ್ಕಿನ ಜಾತಿ ಕೇಳುವುದಿಲ್ಲ. ಆದರೆ 2017ರ ಡಿಸೆಂಬರಿನ ಆ ವಾರ ಬಂದರಿನಲ್ಲೂ ಜನ ಒಬ್ಬರ ಮುಖ ಒಬ್ಬರು ನೋಡದೆ ಓಡಾಡಿದರು.

ಊರಿನಲ್ಲಿ ಗಲಾಟೆ ನಡೆದಿತ್ತು, ಕಾಣೆಯಾಗಿದ್ದ ಯುವಕನ ಶವ ಕೆರೆಯಲ್ಲಿ ಸಿಕ್ಕಿತು. ಹೇಗೆ ಸತ್ತನೆಂಬುದು ಯಾರಿಗೂ ಗೊತ್ತಾಗುವ ಮೊದಲೇ ಮೊಬೈಲಿನಲ್ಲಿ ಎಲ್ಲವೂ ತೀರ್ಮಾನವಾಗಿ ಹೋಗಿತ್ತು. ಕೈ ಕಡಿದರು, ಕಾದ ಎಣ್ಣೆ ಸುರಿದರು ಎಂದೆಲ್ಲ ಬಂತು. ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಅಂಥದ್ದೇನೂ ಇಲ್ಲವೆಂದದ್ದನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಕುಮಟಾ, ಶಿರಸಿಗಳಲ್ಲಿ ಕಲ್ಲು ತೂರಾಟ, ಬೆಂಕಿ. ಮುಂದೆ ಪ್ರಕರಣ ಸಿಬಿಐಗೆ ಹೋಯಿತು. 2022ರಲ್ಲಿ ಸಿಬಿಐ ತನ್ನ ವರದಿ ಕೊಟ್ಟು, ನೀರಿನಲ್ಲಿ ಮುಳುಗಿ ಆದ ಆಕಸ್ಮಿಕ ಸಾವು ಎಂದಿತು. ನಡುವೆ ಹೆಚ್ಚುಕಡಿಮೆ ಐದು ವರ್ಷ, ಒಂದು ವಿಧಾನಸಭಾ ಚುನಾವಣೆ, ಒಂದು ಲೋಕಸಭಾ ಚುನಾವಣೆ ಮುಗಿದಿದ್ದವು.

ನನಗೆ ಬೇಸರವಾದದ್ದು ಇಷ್ಟಕ್ಕೆ. ಆ ಹುಡುಗ ನಮ್ಮ ಮೀನುಗಾರರ ಮನೆಯ ಹುಡುಗ. ಅವನ ಮನೆಯವರ ದುಃಖಕ್ಕೆ ಉತ್ತರ ಯಾರೂ ಕೊಡಲಿಲ್ಲ. ಎರಡೂ ಕಡೆಯ ನಾಯಕರು ಬಂದರು, ಕ್ಯಾಮೆರಾ ಬಂತು. ಒಬ್ಬರಿಗೆ ಹುಡುಗನ ಸಾವು ಬೇಕಿತ್ತು, ಇನ್ನೊಬ್ಬರಿಗೆ ಆ ಸಾವಿನ ಮಾತೇ ಬೇಡವಾಗಿತ್ತು. ತನಿಖೆ ಮುಗಿಯುವ ತನಕ ಯಾರೂ ಕಲ್ಲು ಎತ್ತಬೇಡಿ, ತಪ್ಪಿತಸ್ಥರು ಯಾರಿದ್ದರೂ ಶಿಕ್ಷೆಯಾಗುವವರೆಗೆ ನಾನು ನಿಮ್ಮೊಡನೆ ಇರುತ್ತೇನೆ ಎಂಬ ಎರಡು ಮಾತನ್ನು ಒಟ್ಟಿಗೆ ಹೇಳಿದ ಒಬ್ಬ ದೊಡ್ಡ ನಾಯಕರನ್ನೂ ಆ ದಿನಗಳಲ್ಲಿ ನಾನು ನೋಡಲಿಲ್ಲ. ಹೇಳಿದ್ದರೆ ಒಂದಷ್ಟು ಹುಡುಗರ ಮೇಲೆ ಕೇಸು ಬೀಳುತ್ತಿರಲಿಲ್ಲ. ಕೋರ್ಟಿಗೆ ಅಲೆದದ್ದು ನಾಯಕರ ಮಕ್ಕಳಲ್ಲ.

ನಿವೃತ್ತ ಮಾಸ್ತರ, ಕುಮಟಾ

ಹೊನ್ನಾವರದವರು ಬರೆದ ಕೊನೆಯ ಸಾಲನ್ನು ಅಂಕೋಲಾದ ತಮ್ಮ ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಈ ವಯಸ್ಸಿನ ಹುಡುಗರಿಗೆ ಪಾಠ ಹೇಳಿದವನು ನಾನು. ಅವರ ಸಿಟ್ಟು ಸುಳ್ಳಲ್ಲ ಎಂದು ಬಲ್ಲೆ.

ತಮ್ಮಾ, ಧರ್ಮದಲ್ಲಿ ಗಾಢವಾಗಿ ನಂಬಿಕೆಯಿಟ್ಟ ನಾಯಕ ಬೇಡವೆಂದು ನಾನು ಹೇಳುವುದೇ ಇಲ್ಲ. 1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಶಿರಸಿಗೆ ಬಂದರು. ಅವರಿಗಿಂತ ಗಟ್ಟಿಯಾಗಿ ತಾನು ಹಿಂದೂ ಎಂದು ಹೇಳಿಕೊಂಡವರು ಯಾರಿದ್ದಾರೆ? ಆಗ ಮಾರಿಕಾಂಬೆಯ ಜಾತ್ರೆಯೆಂದರೆ ಕೋಣನ ಬಲಿ. ಹರಿಜನರಿಗೆ ದೇವಸ್ಥಾನದ ಪ್ರವೇಶವೂ ಕಷ್ಟ. ಅವರು ಇಲ್ಲಿಗೆ ಬಂದು ಬೇರೆ ಮತದವರ ದೋಷ ಎಣಿಸಲಿಲ್ಲ. ಬಲಿ ನಿಲ್ಲಿಸಿ, ಎಲ್ಲರನ್ನೂ ಒಳಗೆ ಬಿಡಿ ಎಂಬ ಮಾತು ಭಕ್ತರಿಗೇ, ಧರ್ಮದರ್ಶಿಗಳಿಗೇ ಹೇಳಬೇಕಾದದ್ದಾಗಿತ್ತು. ಊರಿನ ಹಿರಿಯರು ಕೇಳಿದರು. ಆ ಕಾಲದಲ್ಲೇ ಬಲಿ ನಿಂತು, ಬಾಗಿಲೂ ತೆರೆಯಿತು. ಈಗ ಎರಡು ವರ್ಷಕ್ಕೊಮ್ಮೆ ರಥವೇರಿ ಬಿಡ್ಕಿಬೈಲಿನ ಗದ್ದುಗೆಗೆ ಬರುವ ದೇವಿಗೆ ಲಕ್ಷಾಂತರ ಜನ ಹಣ್ಣುಕಾಯಿ ಮಾಡಿಸುತ್ತಾರೆ. ಬಲಿಯಿಲ್ಲವೆಂದು ಜಾತ್ರೆಯ ಕಳೆ ಕುಂದಿದೆಯೇ?

ನೀನು ಹೇಳುವ ನೇರತನ ಇದ್ದರೆ ಇಂಥದ್ದಿರಲಿ. ಮತ ಎಣಿಸುವ ನಾಯಕರ ಬಗ್ಗೆ ನಿನ್ನ ಆಕ್ಷೇಪ ನನಗೂ ಒಪ್ಪಿಗೆಯೇ. ಇಫ್ತಾರ್ ಕೂಟದ ಫೋಟೋದಿಂದ ಒಬ್ಬ ಮುಸ್ಲಿಂ ಹುಡುಗಿಗೂ ಹೈಸ್ಕೂಲು ಹತ್ತಿರವಾಗಿಲ್ಲ.

ತೋಟಿಗ, ಶಿರಸಿ ಸೀಮೆ

ಜಾತ್ರೆಯ ಮಾತು ಬಂದದ್ದರಿಂದ ಒಂದು ಸಂಗತಿ. ಮಾರಿಕಾಂಬೆಯ ಜಾತ್ರೆಯಲ್ಲಿ ಬಾಬುದಾರರಿಂದ ಹಿಡಿದು ಅಸಾದಿಗಳವರೆಗೆ ಒಂದೊಂದು ಸಮುದಾಯಕ್ಕೆ ಒಂದೊಂದು ಕೆಲಸ ಹಿಂದಿನಿಂದ ಬಂದಿದೆ. ಒಬ್ಬರು ಬಾರದಿದ್ದರೂ ಮುಂದಿನ ವಿಧಿ ನಡೆಯದು. ಜಾತ್ರೆಪೇಟೆಯಲ್ಲಿ ಬಳೆ, ಆಟಿಕೆ, ಪಾತ್ರೆ ಮಾರಲು ಬರುವವರಲ್ಲಿ ಎಲ್ಲ ಮತದವರೂ ಇರುತ್ತಿದ್ದರು. 2022ರಲ್ಲಿ ದಕ್ಷಿಣದ ಕಡೆಯ ಕೆಲವು ದೇವಸ್ಥಾನಗಳಲ್ಲಿ ಅನ್ಯಮತದ ವ್ಯಾಪಾರಿಗಳು ಬೇಡ ಎಂಬ ಫಲಕ ಕಂಡಾಗ, ವಕೀಲರೇ, ಯಾವುದೋ ನಿಯಮದ ಹೆಸರು ಹೇಳುತ್ತಿದ್ದರು. ಅದೇನು?

ವಕೀಲ, ಕಾರವಾರ

ಧಾರ್ಮಿಕ ದತ್ತಿ ಕಾಯ್ದೆಯಡಿ 2002ರಲ್ಲಿ ಬಂದ ನಿಯಮಾವಳಿಯಲ್ಲಿ ಒಂದು ನಿಯಮವಿದೆ. ದೇವಸ್ಥಾನಕ್ಕೆ ಸೇರಿದ ಸಮೀಪದ ಜಾಗ, ಕಟ್ಟಡಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಎಂದು ಅದು ಹೇಳುತ್ತದೆ. ಸಾರ್ವಜನಿಕ ಬೀದಿಯಲ್ಲಿ ಬಳೆ ಮಾರುವವನಿಗೆ ಅದು ಸಂಬಂಧಿಸಿದ್ದಲ್ಲ. ಅಂದಿನ ಕಾನೂನು ಸಚಿವರೂ ಸದನದಲ್ಲಿ ಈ ವ್ಯತ್ಯಾಸ ಹೇಳಿದ್ದರು. ಆದರೆ ಫಲಕ ಬರೆಸಿದವರು ನಿಯಮ ಓದಲಿಲ್ಲ, ಓದಿದ್ದ ಅಧಿಕಾರಿಗಳು ಫಲಕ ತೆಗೆಸಲಿಲ್ಲ.

ಎಂ.ಎ. ವಿದ್ಯಾರ್ಥಿ, ಅಂಕೋಲಾ

ಮಾಸ್ತರರ ಮಾತಿನಲ್ಲಿ ಸತ್ಯವಿದೆ ಎಂದು ಒಪ್ಪುತ್ತೇನೆ, ಪೂರ್ತಿ ಒಪ್ಪಿದ್ದೇನೆಂದು ಹೇಳಲಾರೆ. ಗಾಂಧೀಜಿಯಂಥವರನ್ನು ಅಳತೆಗೋಲಾಗಿ ಇಟ್ಟರೆ ಇಂದು ಯಾವ ಪಕ್ಷದಲ್ಲೂ ಒಬ್ಬರೂ ಸಿಗರು. ಸಿಗದ ನಾಯಕನಿಗಾಗಿ ಕಾಯುವ ಬದಲು ಇರುವವರಲ್ಲಿ ನಮ್ಮ ನೋವು ಕೇಳುವವನನ್ನು ಆರಿಸುತ್ತೇವೆ. ನಮ್ಮಲ್ಲಿ ಉದ್ಯೋಗವಿಲ್ಲ, ಓದು ಮುಗಿಸಿದ ಮೇಲೆ ಗೋವಾಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕು. ಇಷ್ಟು ದೊಡ್ಡ ಜಿಲ್ಲೆಗೆ ಒಂದು ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಎಷ್ಟೋ ಕಾಲದಿಂದ ಕೂಗುತ್ತಿದ್ದೇವೆ. ಹೆದ್ದಾರಿಯಲ್ಲಿ ಅಪಘಾತವಾದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು. ಆಂಬುಲೆನ್ಸಿನಲ್ಲಿ ಸಾಯುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಇದನ್ನು ಬರೆಯುತ್ತಿರುವಾಗ ನನಗೇ ಅನಿಸುತ್ತಿದೆ, ಈ ವಿಷಯದಲ್ಲಿ ನನ್ನ ಪರವಾಗಿ ಮಾತನಾಡಿದವರೆಂದು ನಾನು ಓಟು ಹಾಕಿದವರನ್ನೂ ಪ್ರಶ್ನೆ ಕೇಳಬೇಕಿತ್ತು. ಕೇಳುತ್ತೇನೆ.

ಬಟ್ಟೆ ಅಂಗಡಿಯವ, ಭಟ್ಕಳ

ಕೇಳು ತಮ್ಮಾ, ಆ ಆಸ್ಪತ್ರೆಯ ಅರ್ಜಿಗೆ ನಮ್ಮ ಪೇಟೆಯ ಸಹಿಯೂ ಇರುತ್ತದೆ. ನಮ್ಮ ಮದುವೆಗಳಿಗೆ ಬೇಕಾಗುವ ಭಟ್ಕಳ ಮಲ್ಲಿಗೆಯನ್ನು ಬೆಳೆದು ಕಟ್ಟುವವರಲ್ಲಿ ಸುತ್ತಲಿನ ಹಳ್ಳಿಗಳ ಹಿಂದೂ ಮನೆಗಳ ಹೆಂಗಸರು ಬಹಳ. ಗಲಾಟೆಯಾಗಿ ಪೇಟೆ ಮುಚ್ಚಿದ ದಿನ ಮೊಗ್ಗು ಅರಳಿ ಹೋಗುತ್ತದೆ, ಮರುದಿನಕ್ಕೆ ಯಾರೂ ಕೊಳ್ಳುವುದಿಲ್ಲ. ನಷ್ಟ ಅವರಿಗೆ, ನಮ್ಮ ಅಂಗಡಿಗೂ. ಇದನ್ನು ಶಾಂತಿ ಸಭೆಯಲ್ಲಿ ಒಮ್ಮೆ ಹೇಳಿದೆ. ವೇದಿಕೆಯ ಮೇಲಿದ್ದವರು ತಲೆಯಾಡಿಸಿ, ಎಲ್ಲರೂ ಸಹಕರಿಸಿ ಎಂದು ಮುಗಿಸಿದರು.

ಮಾಜಿ ಪಂಚಾಯತ ಸದಸ್ಯೆ, ಸಿದ್ದಾಪುರ

ಅಂಗಡಿ ಅಣ್ಣಯ್ಯನವರೇ, ಶಾಂತಿ ಸಭೆಯ ಮಾತು ನೀವೇ ಎತ್ತಿದಿರಿ, ಒಳ್ಳೆಯದಾಯಿತು. ಚವತಿಗೆ ಮೊದಲು, ಈದ್‌ಗೆ ಮೊದಲು ಪೊಲೀಸ್ ಠಾಣೆಯಲ್ಲಿ ನಡೆಯುವ ಆ ಸಭೆಗೆ ಯಾರನ್ನು ಕರೆಯುತ್ತಾರೆ? ಎರಡೂ ಕಡೆಯ ಮುಖಂಡರೆಂದು ಹೆಸರಾದ ಗಂಡಸರನ್ನು. ಗಲಾಟೆಯಲ್ಲಿ ಕಳೆದುಕೊಳ್ಳುವ ಹೂವಿನವಳನ್ನು, ಮೀನಿನವಳನ್ನು, ಮಗನ ಮೇಲೆ ಕೇಸು ಬಿದ್ದ ತಾಯಿಯನ್ನು ಕರೆದದ್ದಿದೆಯೇ? ಪಂಚಾಯತಿಯಲ್ಲಿ ನಮಗೆ ಅರ್ಧದಷ್ಟು ಸ್ಥಾನವಿದೆ, ಆ ಸಭೆಯಲ್ಲಿ ಒಂದು ಕುರ್ಚಿಯೂ ಇಲ್ಲ. ಮುಂದಿನ ಸಲ ನಿಮ್ಮ ಊರಿನಲ್ಲಿ ಸಭೆ ಕರೆದಾಗ ಹೂ ಕಟ್ಟುವ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಳಗೆ ಬಿಡದಿದ್ದರೆ ಇಲ್ಲಿ ಬರೆಯಿರಿ, ನಮ್ಮ ತಾಲೂಕಿನ ಸದಸ್ಯೆಯರೆಲ್ಲ ಸೇರಿ ಜಿಲ್ಲಾಧಿಕಾರಿಯವರಿಗೆ ಅರ್ಜಿ ಕೊಡುತ್ತೇವೆ.

ಬಟ್ಟೆ ಅಂಗಡಿಯವ, ಭಟ್ಕಳ

ಅಕ್ಕಾ, ಚವತಿಯ ಸಭೆಗೆ ಕರೆ ಬಂದ ದಿನ ನಿಮಗೆ ಇಲ್ಲೇ ತಿಳಿಸುತ್ತೇನೆ. ಒಬ್ಬಾಕೆ ಬರಲು ಒಪ್ಪುತ್ತಾಳೆ, ಅವಳನ್ನು ನಾನು ಬಲ್ಲೆ. ಇನ್ನೊಬ್ಬಳನ್ನು ಅವಳೇ ಹುಡುಕುತ್ತಾಳೆ.